ಗಾಲಿಗೆ ಗಾಳಿ ಬೇಕೆ?

ಬೈಸಿಕಲ್ಲಿನ ಚಕ್ರದಲ್ಲಿ ಗಾಳಿಯೇ ಇಲ್ಲದಿದ್ದರೆ ಏನಾದೀತು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಈಚೆಗೆ ಪದೇ ಪದೇ ಕೇಳುವುದುಂಟು. ಗಾಳಿಯಿಲ್ಲದ ಟೈರುಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವಕ್ಕೆ ಟ್ಯೂಬಿಲ್ಲ, ವಾಲ್ವಿಲ್ಲ, ಪಂಪಿನ ಹಂಗಿಲ್ಲ. ಮುಳ್ಳು ಚುಚ್ಚಿದರೂ ಮೊಳೆ ಹೊಕ್ಕರೂ ಅವು ಕುಗ್ಗುವುದಿಲ್ಲ. ಎಲ್ಲರೂ ಇಂಥದ್ದನ್ನೇ ಹಾಕಿಸಿಕೊಂಡರೆ ಪಂಕ್ಚರಿನ ಕಾಟ ಲೋಕದಿಂದಲೇ ತೊಲಗುವುದಲ್ಲವೆ? ಹೀಗೆ ಕೇಳುವ ಹುಡುಗನನ್ನು ನಕ್ಕು ಕಳುಹಿಸುವುದು ತರವಲ್ಲ. ಪ್ರಶ್ನೆ ನೋಡುವುದಕ್ಕೆ ಸಣ್ಣದು. ಆದರೆ ಅದರೊಳಗೆ ಪ್ರತಿದಿನದ ದುಡಿಮೆಯ, ಹೊತ್ತಿನ, ಮೈಬೆವರಿನ ಲೆಕ್ಕ ಅಡಗಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ವಿಚಾರಿಸುವುದಕ್ಕೆ ಅಂಬತ್ತೂರಿಗಿಂತ ತಕ್ಕ ಊರು ಸಿಕ್ಕುವುದು ಕಷ್ಟ. ಈಗ ಚೆನ್ನೈ ಮಹಾನಗರದ ಒಂದು ಭಾಗವಾಗಿರುವ, 2011ರಲ್ಲಿ ನಗರಪಾಲಿಕೆಯೊಳಕ್ಕೆ ಸೇರಿದ ಈ ಊರಿಗೆ ಬೈಸಿಕಲ್ಲಿನೊಡನೆ ವಿಶೇಷವಾದ ಸಂಬಂಧವುಂಟು. ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯೊಡನೆ ಕೂಡಿ 1949ರಲ್ಲಿ ಸ್ಥಾಪಿಸಿದ ಟಿ. ಐ. ಸೈಕಲ್ಸ್ ಕಾರ್ಖಾನೆ ಇಲ್ಲಿಯೇ ತಲೆಯೆತ್ತಿತು. 1951ರಿಂದ ಇಲ್ಲಿ ತಯಾರಾದ ಹರ್ಕ್ಯುಲಿಸ್ ಬಂಡಿಗಳೂ, ಮುಂದೆ ಫಿಲಿಪ್ಸ್, ಬಿ. ಎಸ್. ಎ. ಎಂಬ ಹೆಸರಿನವೂ ದಕ್ಷಿಣ ದೇಶದ ಮೂಲೆ ಮೂಲೆಗೂ ಹೋದವು. ಕನ್ನಡ ನಾಡಿನ ಎಷ್ಟೋ ಹಳ್ಳಿಯ ಮೇಷ್ಟರುಗಳೂ, ಅಂಚೆಯವರೂ, ಹಾಲು ಮಾರುವವರೂ ಏರಿದ ಬಂಡಿಗಳು ಇಲ್ಲಿಂದ ಹೊರಟವೇ. ಇದು ಸಾಲದೆಂಬಂತೆ 1959ರಲ್ಲಿ ಡನ್‌ಲಪ್ ಕಂಪನಿಯವರು ತಮ್ಮ ಟೈರು ಕಾರ್ಖಾನೆಯನ್ನೂ ಇದೇ ಅಂಬತ್ತೂರಿನಲ್ಲಿ ತೆರೆದರು. ಆ ಕಾರ್ಖಾನೆ ಮತ್ತೆ ಮತ್ತೆ ಬೀಗಮುದ್ರೆಗೆ ಒಳಗಾಗಿ ಕಡೆಗೆ ಮುಚ್ಚಿಹೋಯಿತು. ಅದು ಬೇರೆಯೇ ಒಂದು ದುಃಖದ ಕಥೆ. ಬಂಡಿಯ ಚಕ್ರಕ್ಕೆ ಗಾಳಿ ತುಂಬಿ ಲೋಕಕ್ಕೆ ಒಪ್ಪಿಸಿದವನ ಹೆಸರನ್ನು ಹೊತ್ತ ಕಾರ್ಖಾನೆಯೂ, ಬಂಡಿಯನ್ನೇ ಕಟ್ಟಿದ ಕಾರ್ಖಾನೆಯೂ ಒಂದೇ ಊರಿನಲ್ಲಿ ಇದ್ದವೆಂಬುದಂತೂ ನಮ್ಮ ವಿಷಯಕ್ಕೆ ಒಳ್ಳೆಯ ಪೀಠಿಕೆ.

ಮೊದಲು ಎದುರು ಪಕ್ಷದ ಮಾತನ್ನು ನ್ಯಾಯವಾಗಿ ಕೇಳೋಣ. ಅಂಬತ್ತೂರಿನ ಕೈಗಾರಿಕಾ ವಸಾಹತಿನ ಬೀದಿಗಳಲ್ಲಿ ಒಮ್ಮೆ ಬೈಸಿಕಲ್ಲು ತುಳಿದವರಿಗೆ ಗಾಳಿಯಿಲ್ಲದ ಟೈರಿನ ಆಸೆ ಏಕೆ ಹುಟ್ಟುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲುಸಾಲಾಗಿ ಸಣ್ಣ ಸಣ್ಣ ಕಾರ್ಖಾನೆಗಳು. ಒಳಗೆ ಲೇತುಗಳು ಕಬ್ಬಿಣವನ್ನು ಕಡೆಯುತ್ತವೆ. ಕಡೆದ ಕಬ್ಬಿಣದ ಸುರುಳಿಗಳು, ಸಲಾಕೆಯ ತುಣುಕುಗಳು, ತಿರುಪುಮೊಳೆಗಳು ಕಸದೊಡನೆ ಬೀದಿಗೆ ಬಂದು ಬೀಳುತ್ತವೆ. ಆ ಸುರುಳಿಗಳ ಅಂಚು ಕ್ಷೌರದ ಕತ್ತಿಗೆ ಸಮಾನ. ಖಾಲಿ ನಿವೇಶನಗಳ ಬದಿಯಲ್ಲಿ ಸೀಮೆಜಾಲಿ ಬೆಳೆದು ನಿಂತಿರುತ್ತದೆ. ತಮಿಳರು ಸೀಮೈ ಕರುವೇಲಂ ಎಂದು ಕರೆಯುವ, ನಮ್ಮ ಕಡೆ ಬಳ್ಳಾರಿ ಜಾಲಿಯೆಂದು ಹೆಸರಾದ ಗಿಡವೇ ಇದು. ಅಮೆರಿಕಾ ಖಂಡದಿಂದ ಬಂದು ನಮ್ಮ ಭೂಮಿಯನ್ನೆಲ್ಲ ಆವರಿಸಿಕೊಂಡಿತು. ಒಣಗಿದ ಅದರ ಮುಳ್ಳು ಟೈರನ್ನು ಸೂಜಿ ಬಟ್ಟೆಯನ್ನು ಹೊಗುವಂತೆ ಹೊಗುತ್ತದೆ.

ರಾತ್ರಿಯ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಹನ್ನೊಂದು ಗಂಟೆಯ ಹೊತ್ತಿನಲ್ಲಿ ಚಕ್ರ ಕುಸಿದರೆ ಯಾವ ಅಂಗಡಿ ತೆರೆದಿರುತ್ತದೆ? ಬೆಳಗಿನ ಪಾಳಿಗೆ ಹೊರಟವನು ಕಾಲು ಗಂಟೆ ತಡವಾದರೆ ಅರ್ಧ ದಿನದ ಕೂಲಿಗೆ ಕತ್ತರಿ ಬೀಳುವುದುಂಟು. ಪರೀಕ್ಷೆಯ ದಿನ ಹೀಗಾದ ವಿದ್ಯಾರ್ಥಿನಿಯ ಪಾಡಂತೂ ಹೇಳುವುದೇ ಬೇಡ. ತಮಿಳುನಾಡಿನ ಸರ್ಕಾರ 2001-02ರಲ್ಲಿ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿನಿಯರಿಗೆ ಬೈಸಿಕಲ್ಲು ಕೊಡಲು ತೊಡಗಿ ಮುಂದೆ ಅದನ್ನು ಇತರರಿಗೂ ವಿಸ್ತರಿಸಿತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುವುದನ್ನು ಆರಂಭಿಸಿತು. ಹಾಗೆ ಬಂದ ಬಂಡಿಗಳಲ್ಲಿ ಎಷ್ಟೋ, ಒಂದು ಪಂಕ್ಚರು ಆದ ದಿನದಿಂದ ಮನೆಯ ಹಿಂದಿನ ಗೋಡೆಗೆ ಒರಗಿ ಕೋಳಿಗಳಿಗೆ ಕೂರುವ ಕೊಂಬೆಯಾಗಿರುವುದನ್ನು ನಾವೇ ಕಂಡಿದ್ದೇವೆ. ಹೀಗಿರಲು ‘ಎಂದೂ ಕುಸಿಯದ ಚಕ್ರ’ ಎಂಬ ಮಾತು ಕಿವಿಗೆ ಜೇನಿನಂತೆ ಬೀಳುವುದು ಸಹಜವೇ.

ಆದರೆ ಈ ಕುಸಿಯದ ಚಕ್ರ ಹೊಸ ಆವಿಷ್ಕಾರವೆಂದು ತಿಳಿಯುವುದು ಸರಿಯಲ್ಲ. ಅದೇ ಹಳೆಯದು, ಗಾಳಿಯ ಟೈರೇ ಆಮೇಲೆ ಬಂದದ್ದು. ಮೊದಲ ಬೈಸಿಕಲ್ಲುಗಳ ಮರದ ಚಕ್ರಕ್ಕೆ ನಮ್ಮ ಎತ್ತಿನ ಗಾಡಿಯ ಚಕ್ರದಂತೆ ಕಬ್ಬಿಣದ ಪಟ್ಟಿಯಿತ್ತು. ಕಲ್ಲು ಹಾಸಿದ ಬೀದಿಗಳಲ್ಲಿ ಅದನ್ನು ಏರಿದವರು ಅದಕ್ಕೆ ‘ಮೂಳೆ ಕುಲುಕುವ ಬಂಡಿ’ ಎಂಬರ್ಥದ ಹೆಸರಿಟ್ಟರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಬಗೆಯನ್ನು ಕಂಡುಹಿಡಿದಿದ್ದನು. ಆ ರಬ್ಬರಿನ ಗಟ್ಟಿ ಪಟ್ಟಿಯನ್ನು ಚಕ್ರಕ್ಕೆ ಸುತ್ತಿದ ಮೇಲೆ ಕುಲುಕಾಟ ಸ್ವಲ್ಪ ತಗ್ಗಿತು. ಮುಂದಿನ ಚಕ್ರ ಆಳೆತ್ತರ, ಹಿಂದಿನದು ತಟ್ಟೆಯಷ್ಟು ಇರುವ ಬಂಡಿಯ ಚಿತ್ರವನ್ನು ವಿದ್ಯಾರ್ಥಿಗಳು ಪುಸ್ತಕಗಳಲ್ಲಿ ನೋಡಿರಬಹುದು. ಅದರ ಟೈರು ಗಟ್ಟಿ ರಬ್ಬರಿನದೇ. ಎಂದರೆ, ನಮ್ಮ ಮುತ್ತಜ್ಜಂದಿರ ಕಾಲದ ಜನ ಗಾಳಿಯಿಲ್ಲದ ಟೈರಿನ ಸುಖದುಃಖಗಳನ್ನು ಹತ್ತಾರು ವರ್ಷ ಅನುಭವಿಸಿ, ಆಮೇಲೆ ಅದನ್ನು ಕೈಬಿಟ್ಟರು. ಏಕೆ ಬಿಟ್ಟರೆಂಬುದನ್ನು ತಿಳಿಯದೆ ಮತ್ತೆ ಅದನ್ನು ಹಿಡಿಯಹೊರಡುವುದು ವಿವೇಕವಾಗಲಾರದು.

ಚಕ್ರಕ್ಕೆ ಗಾಳಿ ತುಂಬುವ ಆಲೋಚನೆ ಮೊದಲು ಹೊಳೆದದ್ದು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರನಿಗೆ. 1845ರಲ್ಲಿಯೇ ಅವನು ಅದಕ್ಕೆ ಹಕ್ಕುಪತ್ರ ಪಡೆದು, ಕುದುರೆಗಾಡಿಗಳಿಗೆ ಕಟ್ಟಿ ಲಂಡನ್ನಿನಲ್ಲಿ ಓಡಿಸಿಯೂ ತೋರಿಸಿದನು. ಕಾಲ ಒದಗಲಿಲ್ಲ, ಲೋಕ ಅದನ್ನು ಮರೆತುಬಿಟ್ಟಿತು. ನಲವತ್ತು ವರ್ಷಗಳ ಮೇಲೆ, ಬೆಲ್‌ಫಾಸ್ಟ್ ನಗರದಲ್ಲಿ ದನಕುದುರೆಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ಥಾಮ್ಸನ್ನನ ವಿಷಯವೇನೂ ಅರಿಯದೆ ಅದೇ ದಾರಿಗೆ ಬಂದನು. ಅವನ ಚಿಕ್ಕ ಮಗನು ಮೂರು ಚಕ್ರದ ಬಂಡಿಯಲ್ಲಿ ಕಲ್ಲುಬೀದಿಯ ಮೇಲೆ ಆಡುತ್ತಿದ್ದನು. ಗಟ್ಟಿ ರಬ್ಬರಿನ ಚಕ್ರ ಅವನನ್ನು ಕುಲುಕಿಹಾಕುತ್ತಿತ್ತು. 1887ರಲ್ಲಿ ತಂದೆ ಒಂದು ಮರದ ಬಿಲ್ಲೆಗೆ ತೆಳುವಾದ ರಬ್ಬರಿನ ನಾಳವನ್ನು ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಬಿಗಿದು, ಕಾಲ್ಚೆಂಡಿನ ಪಂಪಿನಿಂದ ಗಾಳಿ ಹೊಡೆದನು. ಆಮೇಲೆ ಅವನು ಮಾಡಿದ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಗನ ಬಂಡಿಯ ಗಟ್ಟಿ ರಬ್ಬರಿನ ಚಕ್ರವನ್ನೂ, ಗಾಳಿ ತುಂಬಿದ ಈ ಬಿಲ್ಲೆಯನ್ನೂ ಅಂಗಳದಲ್ಲಿ ಒಂದಾದ ಮೇಲೊಂದರಂತೆ ಉರುಳಿಬಿಟ್ಟನು. ಮೊದಲನೆಯದು ಅಂಗಳದ ಆ ಕೊನೆಯನ್ನು ಮುಟ್ಟದೆ ನಡುವೆಯೇ ಸುಸ್ತಾಗಿ ಮಲಗಿತು. ಎರಡನೆಯದು ಅಂಗಳವನ್ನೆಲ್ಲ ದಾಟಿ, ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಮಗುವಿನ ಕುಲುಕಾಟ ತಪ್ಪಿಸಲೆಂದು ಮಾಡಿದ ವಸ್ತು ವೇಗವನ್ನೂ ಹೆಚ್ಚಿಸಿತು! ಇದೇ ಈ ಕಥೆಯ ಸ್ವಾರಸ್ಯ. 1888ರ ಡಿಸೆಂಬರಿನಲ್ಲಿ ಡನ್‌ಲಪ್ಪನಿಗೆ ಹಕ್ಕುಪತ್ರ ದೊರೆಯಿತು. ಥಾಮ್ಸನ್ನನ ಹಳೆಯ ಪತ್ರ ಬೆಳಕಿಗೆ ಬಂದು ಕೆಲವೇ ವರ್ಷಗಳಲ್ಲಿ ಅದು ಊರ್ಜಿತವಾಗದೆ ಹೋದರೂ ಹೆಸರು ಮಾತ್ರ ಡನ್‌ಲಪ್ಪನದೇ ನಿಂತಿತು. 1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡೋತ್ಸವದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಈ ಉಬ್ಬಿದ ಟೈರಿನ ಬಂಡಿಯನ್ನು ತಂದಾಗ ಜನ ನಕ್ಕರಂತೆ. ಗಟ್ಟಿ ಟೈರಿನ ಸವಾರರನ್ನು ಅವನು ಹಿಂದೆ ಹಾಕಿ ಗೆದ್ದ ಮೇಲೆ ನಗು ನಿಂತಿತು. ಎರಡೇ ವರ್ಷಗಳಲ್ಲಿ, 1891ರಲ್ಲಿ, ಫ್ರಾನ್ಸಿನ ಮಿಷೆಲಿನ್ ಸಹೋದರರು ಚಕ್ರದಿಂದ ಸುಲಭವಾಗಿ ಬಿಚ್ಚಿ ತೇಪೆ ಹಾಕಬಹುದಾದ ಟೈರನ್ನು ತಂದರು. ಪಂಕ್ಚರು ಎಂಬ ದೋಷ ಗಾಳಿಯ ಟೈರಿನ ಜೊತೆಯಲ್ಲಿಯೇ ಹುಟ್ಟಿತು, ನಿಜ. ಅದಕ್ಕೆ ಮದ್ದೂ ಕೂಡಲೇ ಹುಟ್ಟಿತು. ಆ ಮದ್ದಿನ ಸೌಲಭ್ಯ ಇದ್ದುದರಿಂದಲೇ ಜನ ಗಟ್ಟಿ ಟೈರನ್ನು ಪೂರ್ತಿಯಾಗಿ ತೊರೆದರು.

ಡನ್‌ಲಪ್ಪನ ಅಂಗಳದಲ್ಲಿ ನಡೆದುದರ ಕಾರಣವನ್ನು ಇನ್ನು ನೋಡೋಣ. ಚಕ್ರ ನೆಲವನ್ನು ಮುಟ್ಟುವ ಜಾಗದಲ್ಲಿ ಟೈರು ಸ್ವಲ್ಪ ಚಪ್ಪಟೆಯಾಗುತ್ತದೆ. ಸವಾರನೂ ಬಂಡಿಯೂ ಸೇರಿ 80 ಕಿಲೋಗ್ರಾಂ ತೂಗಿದರೆ ಹಿಂದಿನ ಚಕ್ರದ ಮೇಲೆ ಸುಮಾರು 48 ಕಿಲೋಗ್ರಾಂ ಬೀಳುತ್ತದೆಂದು ಇಟ್ಟುಕೊಳ್ಳೋಣ. ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 3½ ಕಿಲೋಗ್ರಾಂ ಇದ್ದರೆ, ಅಷ್ಟು ಭಾರವನ್ನು ಹೊರಲು ಸುಮಾರು 14 ಚದರ ಸೆಂಟಿಮೀಟರಿನ ಜಾಗ ಸಾಕು. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ಜಾಗ! ಅಷ್ಟರ ಮೇಲೆ ಮನುಷ್ಯನೂ ಅವನ ಬುತ್ತಿಯೂ ನಿಂತಿವೆ. ಚಕ್ರ ಉರುಳಿದಂತೆ ಟೈರಿನ ಒಂದೊಂದು ಭಾಗವೂ ಅದುಮಿಸಿಕೊಂಡು, ಮತ್ತೆ ಹಿಗ್ಗಿ, ಮುಂದೆ ಸಾಗುತ್ತದೆ. ಅದುಮುವುದಕ್ಕೆ ನಾವು ಶಕ್ತಿ ಕೊಡಬೇಕು; ಹಿಗ್ಗುವಾಗ ಅದು ನಮಗೆ ಮರಳಬೇಕು. ಗಾಳಿ ಈ ವ್ಯವಹಾರದಲ್ಲಿ ಬಹಳ ಪ್ರಾಮಾಣಿಕ. ಪಡೆದದ್ದನ್ನು ಬಹುಮಟ್ಟಿಗೆ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ರಬ್ಬರು ಹಾಗಲ್ಲ. ಅದು ಪಡೆದುದರಲ್ಲಿ ಒಂದಿಷ್ಟನ್ನು ಶಾಖವಾಗಿ ಮಾರ್ಪಡಿಸಿ ನುಂಗಿಬಿಡುತ್ತದೆ. ಗಾಳಿಯ ಟೈರಿನಲ್ಲಿ ರಬ್ಬರು ತೆಳ್ಳನೆಯ ಚರ್ಮ ಮಾತ್ರ, ಭಾರ ಹೊರುವುದು ಗಾಳಿ. ಗಟ್ಟಿ ಟೈರಿನಲ್ಲಿ ಅದುಮಿಸಿಕೊಳ್ಳುವುದೆಲ್ಲ ರಬ್ಬರೇ, ಇಲ್ಲವೆ ರಬ್ಬರಿನಂಥ ಕೃತಕ ವಸ್ತುವೇ. ಆದುದರಿಂದ ಪ್ರತಿಯೊಂದು ಸುತ್ತಿಗೂ ಸವಾರನು ಸುಂಕ ತೆರಬೇಕಾಗುತ್ತದೆ.

ಈ ಸುಂಕ ಎಷ್ಟು? ಟೈರಿನ ಜಾತಿಯನ್ನು ಅನುಸರಿಸಿ ಅದು ಹೆಚ್ಚು ಕಡಮೆಯಾಗುತ್ತದೆ. ತಿಳಿವಳಿಕೆಗಾಗಿ, ತೂಕದ ಸಾವಿರದಲ್ಲಿ ಐದು ಪಾಲಿನಷ್ಟು ಹೆಚ್ಚಿನ ಎಳೆತವೆಂದು ಹಿಡಿಯೋಣ. ಸಾವಿರದಲ್ಲಿ ಐದು ಎಂದರೆ ಏನು ಮಹಾ ಎಂದು ಕೇಳುವವರುಂಟು. ಅದನ್ನು ಏರುದಾರಿಯ ಲೆಕ್ಕಕ್ಕೆ ತಿರುಗಿಸಿದರೆ ಸಾವಿರ ಅಡಿ ನಡೆದಾಗ ಐದು ಅಡಿ ಏರುವ ದಾರಿಗೆ ಅದು ಸಮ. ಅಂಬತ್ತೂರಿನ ನೆಲ ಬಹುಮಟ್ಟಿಗೆ ಸಮತಟ್ಟು. ಆವಡಿಯ ಕಡೆಯಿಂದ ಇಲ್ಲಿಗೆ ಆರು ಕಿಲೋಮೀಟರು ತುಳಿದು ಬರುವವನಿಗೆ ಈ ಟೈರು ಮೂವತ್ತು ಮೀಟರಿನ ಏರನ್ನು, ಎಂದರೆ ಹತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರವನ್ನು, ಉಚಿತವಾಗಿ ಸೇರಿಸಿಕೊಡುತ್ತದೆ. ನಿಜವಾದ ಗುಡ್ಡವಾದರೆ ಹೋಗುವಾಗ ಹತ್ತಿದವನು ಬರುವಾಗ ಇಳಿಯುವ ಸುಖವನ್ನಾದರೂ ಕಾಣುತ್ತಾನೆ. ಈ ಗುಡ್ಡಕ್ಕೆ ಇಳಿಜಾರೇ ಇಲ್ಲ. ಹೋಗುವಾಗಲೂ ಏರು, ಬರುವಾಗಲೂ ಏರು. ಎಂಟು ಗಂಟೆ ನಿಂತು ದುಡಿದು ಮನೆಗೆ ಮರಳುವವನ ಮೊಳಕಾಲು ಇದನ್ನು ಬಲ್ಲದು, ಅವನಿಗೆ ಕಾರಣ ತಿಳಿಯದಿದ್ದರೂ.

ನಮ್ಮ ಅಭಿಪ್ರಾಯದ ತಿರುಳು ಇಲ್ಲಿದೆ. ಪಂಕ್ಚರಿನ ನಷ್ಟ ಕಣ್ಣಿಗೆ ಕಾಣುತ್ತದೆ. ಅದು ಎಂದೋ ಒಂದು ದಿನ ಬರುತ್ತದೆ, ಬಂದಾಗ ಬೈಸಿಕೊಳ್ಳುತ್ತದೆ. ಗಟ್ಟಿ ಟೈರಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಅದು ದಿನವೂ ಬರುತ್ತದೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗಡಿಯವನು ಮೊದಲನೆಯದನ್ನು ಮಾತ್ರ ತೋರಿಸಿ ವ್ಯಾಪಾರ ಮಾಡುತ್ತಾನೆ.

ಇದಕ್ಕೆ ಸಾಕ್ಷಿಯನ್ನು ಬೆಲ್‌ಫಾಸ್ಟಿನಿಂದಲೇ ತರಬೇಕಾಗಿಲ್ಲ. ಮಂಡ್ಯದ ಸೀಮೆಯಲ್ಲಿ ಕಬ್ಬು ಸಾಗಿಸುವ ಗಾಡಿಗಳನ್ನು ನೋಡಿದವರಿಗೆ ಇದು ಗೊತ್ತು. ಕಬ್ಬಿಣದ ಪಟ್ಟಿಯ ಮರದ ಚಕ್ರಕ್ಕೆ ಪಂಕ್ಚರು ಎಂಬುದೇ ಇಲ್ಲ; ತಲೆಮಾರುಗಟ್ಟಲೆ ಬಾಳುತ್ತದೆ. ಆದರೂ ರೈತರು ಅದನ್ನು ಬಿಟ್ಟು ಟೈರಿನ ಗಾಡಿಗೆ ತಿರುಗಿದರು. ಅದೇ ಜೋಡಿ ಎತ್ತು ಹೆಚ್ಚಿನ ಹೊರೆಯನ್ನು ಕಡಮೆ ದಣಿವಿನಿಂದ ಎಳೆಯುವುದನ್ನು ಅವರು ಕಣ್ಣಾರೆ ಕಂಡರು. ಎತ್ತಿನ ದಣಿವನ್ನು ಅರಿಯುವ ನಾವು ನಮ್ಮ ಕಾಲಿನ ದಣಿವನ್ನು ಅರಿಯದೆ ಇರುವುದು ವಿಚಿತ್ರವೇ ಸರಿ.

ದಣಿವಿನ ಮಾತು ಮುಗಿಯಿತು. ಕುಲುಕಾಟದ ಮಾತು ಉಳಿದಿದೆ. ನಮ್ಮ ಸಾದಾ ಬಂಡಿಗೆ ಸೀಟಿನ ಕೆಳಗಿನ ಸ್ಪ್ರಿಂಗಲ್ಲದೆ ಬೇರೆ ಯಾವ ಚಿಮ್ಮುಗೆಯೂ ಇಲ್ಲ. ಹಳ್ಳದಿಣ್ಣೆಯ ಪೆಟ್ಟನ್ನು ಮೊದಲು ತಿನ್ನುವುದು ಟೈರಿನೊಳಗಿನ ಗಾಳಿ. ಅದನ್ನು ತೆಗೆದುಹಾಕಿದರೆ ಪೆಟ್ಟು ನೇರವಾಗಿ ರಿಮ್ಮಿಗೂ, ಕಡ್ಡಿಗಳಿಗೂ, ಚೌಕಟ್ಟಿಗೂ, ಕಡೆಗೆ ಸವಾರನ ಮಣಿಕಟ್ಟಿಗೂ ಬೆನ್ನಿಗೂ ತಲಪುತ್ತದೆ. ಹಿಂದಿನ ಕ್ಯಾರಿಯರಿನ ಮೇಲೆ ಅಕ್ಕಿಯ ಮೂಟೆಯನ್ನೋ, ಎರಡು ಕೊಡ ನೀರನ್ನೋ, ಹೆಂಡತಿಯನ್ನೂ ಮಗುವನ್ನೂ ಒಟ್ಟಿಗೋ ಕೂರಿಸಿಕೊಂಡು ಹೋಗುವ ದೇಶ ನಮ್ಮದು. ಅಂಥ ಹೊರೆಯ ಕೆಳಗೆ ಗಟ್ಟಿ ಟೈರು ಹಾಕಿದರೆ ಕಡ್ಡಿಗಳು ಒಂದೊಂದಾಗಿ ಮುರಿಯಲಾರಂಭಿಸುತ್ತವೆ. ಪಂಕ್ಚರಿಗೆ ಹತ್ತು ನಿಮಿಷ ಸಾಕು. ಮುರಿದ ಕಡ್ಡಿ ಹಾಕಿ ಚಕ್ರದ ಓಲಾಟವನ್ನು ತಿದ್ದುವುದಕ್ಕೆ ಅರ್ಧ ದಿನ ಬೇಕು, ಕೈಪಳಗಿದವನೂ ಬೇಕು.

ಈಗಿನ ಗಾಳಿಯಿಲ್ಲದ ಟೈರುಗಳೆಲ್ಲ ಹಳೆಯ ಗಟ್ಟಿ ರಬ್ಬರಿನ ಪಟ್ಟಿಯಂತಲ್ಲ ಎಂಬ ಆಕ್ಷೇಪಣೆ ಬರಬಹುದು. ಅದು ನಿಜ. ಕೆಲವನ್ನು ನೊರೆಯಂತೆ ಉಬ್ಬಿಸಿದ ಹಗುರವಾದ ವಸ್ತುವಿನಿಂದ ಎರಕ ಹೊಯ್ಯುತ್ತಾರೆ. ಕೆಲವಕ್ಕೆ ಜೇನುಹುಟ್ಟಿನ ಹಾಗೆ ಅಡ್ಡಲಾಗಿ ತೂತುಗಳನ್ನು ಬಿಟ್ಟಿರುತ್ತಾರೆ. ಇವು ಮೊದಲಿನವುಗಳಿಗಿಂತ ಮೆತ್ತಗೆ, ಹಗುರ. ಆದರೂ ಮೆತ್ತಗೆ ಮಾಡಿದಷ್ಟೂ ಅವು ಹೆಚ್ಚು ಶಕ್ತಿಯನ್ನು ನುಂಗುತ್ತವೆ, ಗಟ್ಟಿ ಮಾಡಿದಷ್ಟೂ ಕುಲುಕುತ್ತವೆ; ಎರಡು ಕಷ್ಟಗಳ ನಡುವೆ ತಯಾರಕನು ಎಲ್ಲಿಯೋ ಒಂದು ಕಡೆ ನಿಲ್ಲಬೇಕು. ಗಾಳಿಯ ಟೈರಿನಲ್ಲಿಯಾದರೋ ನಿಲ್ಲುವ ಜಾಗವನ್ನು ಸವಾರನೇ ಗೊತ್ತುಮಾಡಿಕೊಳ್ಳುತ್ತಾನೆ. ಹೊರೆ ಹೆಚ್ಚಿದ ದಿನ ನಾಲ್ಕು ಪಂಪು ಹೆಚ್ಚಾಗಿ ಹೊಡೆಯುತ್ತಾನೆ, ಮಳೆಗಾಲದ ಜಾರುಬೀದಿಯಲ್ಲಿ ತುಸು ಇಳಿಸುತ್ತಾನೆ. ನವೆಂಬರು ಡಿಸೆಂಬರಿನ ಈಶಾನ್ಯ ಮಾರುತದಲ್ಲಿ ನಮ್ಮ ಬೀದಿಗಳೆಲ್ಲ ಕಾಲುವೆಯಾಗುವಾಗ ಈ ಸ್ವಾತಂತ್ರ್ಯ ಅಲ್ಪವಾದದ್ದಲ್ಲ. ಗಟ್ಟಿ ಟೈರುಗಳಲ್ಲಿ ಹಲವು, ಒದ್ದೆಯಾದ ನೆಲದ ಮೇಲೆ ಹಿಡಿತ ಕಳೆದುಕೊಳ್ಳುವಂಥವು. ಜೊತೆಗೆ ಅವುಗಳನ್ನು ರಿಮ್ಮಿನೊಳಕ್ಕೆ ಕೂರಿಸುವುದಕ್ಕೆ ಇಬ್ಬರ ತೋಳ್ಬಲ ಬೇಕು. ರಿಮ್ಮಿನ ಅಳತೆಗೆ ಸರಿಯಾಗಿ ಹೊಂದದಿದ್ದರೆ ತಿರುವಿನಲ್ಲಿ ಪಕ್ಕಕ್ಕೆ ಜಾರಿ ಹೊರಬಿದ್ದರೂ ಬಿದ್ದಾವು.

ಹಾಗಾದರೆ ಗಾಳಿಯಿಲ್ಲದ ಗಾಲಿಗೆ ಎಲ್ಲಿಯೂ ಸ್ಥಾನವಿಲ್ಲವೆ? ಇದೆ. ಚಂದ್ರಲೋಕದಲ್ಲಿ ಇದೆ! 1971ರಲ್ಲಿ ಅಪೋಲೋ 15ರ ಯಾತ್ರಿಕರು ಚಂದ್ರನ ನೆಲದ ಮೇಲೆ ಓಡಿಸಿದ ಬಂಡಿಯ ಚಕ್ರಗಳು ಉಕ್ಕಿನ ತಂತಿಯಿಂದ ಹೆಣೆದಂಥವು. ಅಲ್ಲಿ ಪಂಕ್ಚರಾದರೆ ತೇಪೆ ಹಾಕುವವರು ಯಾರು? ನಮ್ಮ ಭೂಮಿಯ ಮೇಲೆಯೂ, ಕಾರ್ಖಾನೆಯ ಒಳಗೆ ಸಾಮಾನು ದೂಡುವ ಗಾಡಿಗೆ, ಆಸ್ಪತ್ರೆಯ ಗಾಲಿಕುರ್ಚಿಗೆ, ಚಿಕ್ಕ ಮಕ್ಕಳ ಮೂರು ಚಕ್ರದ ಬಂಡಿಗೆ ಅದು ಯೋಗ್ಯವೇ. ದೂರ ಕಡಮೆ, ನೆಲ ನುಣುಪು, ವೇಗ ಬೇಡ. ಬಾಡಿಗೆಯ ಬಂಡಿಗಳ ವಿಷಯವೂ ಬೇರೆ. 2016ರಲ್ಲಿ ಶಾಂಘೈ ನಗರದಲ್ಲಿ ಮೋಬೈಕ್ ಎಂಬ ಸಂಸ್ಥೆಯವರು ಬೀದಿಬೀದಿಯಲ್ಲಿ ಬಾಡಿಗೆ ಬೈಸಿಕಲ್ಲುಗಳನ್ನು ನಿಲ್ಲಿಸಿದಾಗ ಅವಕ್ಕೆ ಗಾಳಿಯಿಲ್ಲದ ಟೈರನ್ನೇ ಹಾಕಿದರು. ಸಾವಿರಾರು ಬಂಡಿಗಳ ಒಡೆಯನಿಗೆ ಒಂದೊಂದರ ಪಂಕ್ಚರನ್ನೂ ಹುಡುಕಿಕೊಂಡು ಹೋಗುವುದು ಅಸಾಧ್ಯ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಪಂಕ್ಚರಿನ ಖರ್ಚು ಒಡೆಯನದು, ತುಳಿಯುವ ಕಷ್ಟ ಬಾಡಿಗೆಯವನದು. ಒಡೆಯನು ತನಗೆ ಯಾವುದು ಲಾಭವೋ ಅದನ್ನು ಆರಿಸಿಕೊಂಡನು. ಸ್ವಂತ ಬಂಡಿಯಲ್ಲಿ ಒಡೆಯನೂ ತುಳಿಯುವವನೂ ಒಬ್ಬನೇ ಆದುದರಿಂದ ಅವನ ಆಯ್ಕೆ ಬೇರೆಯಾಗಬೇಕಾದದ್ದು ನ್ಯಾಯ.

ಇನ್ನೊಂದು ವರ್ಗದವರಿಗೂ ನಾವು ಇದನ್ನು ಬೇಡವೆನ್ನಲಾರೆವು. ಅಪರಾತ್ರಿಯಲ್ಲಿ ನಿರ್ಜನವಾದ ದಾರಿಯಲ್ಲಿ ಒಂದೆರಡು ಕಿಲೋಮೀಟರು ಮಾತ್ರ ಹೋಗಿಬರುವ ಕಾವಲುಗಾರನೋ, ದಾದಿಯೋ, ದಾರಿಯಲ್ಲಿ ನಿಲ್ಲುವುದೇ ಅಪಾಯವೆಂದು ಭಾವಿಸಿದರೆ, ಮೊಳಕಾಲಿನ ಸುಂಕವನ್ನು ತೆತ್ತು ನಿಶ್ಚಿಂತೆಯನ್ನು ಕೊಂಡುಕೊಳ್ಳುವುದು ಅವರ ಇಷ್ಟ. ಆ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ನಾವು ಮಾಡಲಾರೆವು.

ಉಳಿದವರಿಗೆ, ವಿಶೇಷವಾಗಿ ವಿದ್ಯಾರ್ಥಿಗಳಿಗೆ, ಗಾಳಿಯ ಟೈರೇ ಲೇಸು. ಆದರೆ ಈ ಮಾತನ್ನು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಗಾಳಿಯಿಲ್ಲದ ಟೈರಿನ ಆಸೆ ಇಂದು ಹೆಚ್ಚುತ್ತಿರುವುದಕ್ಕೆ ಟೈರಿನ ದೋಷಕ್ಕಿಂತ ಬೇರೊಂದು ಕಾರಣವಿದೆಯೆಂದು ನಮಗೆ ತೋರುತ್ತದೆ. ಹಿಂದೆ ಪ್ರತಿಯೊಂದು ಬೀದಿಯ ಮೂಲೆಯಲ್ಲಿ, ಹುಣಿಸೆಮರದ ಕೆಳಗೋ ಬೇವಿನಮರದ ಕೆಳಗೋ ಒಂದು ಸೈಕಲ್ ಷಾಪು ಇರುತ್ತಿತ್ತು. ಷಾಪೆಂದರೆ ಏನು? ಒಂದು ಮರದ ಪೆಟ್ಟಿಗೆ, ಒಂದು ಬಾಣಲೆ ನೀರು, ಒಂದು ಕಾಲುಪಂಪು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗವನ್ನು ಹುಡುಕಿ, ಅರದಿಂದ ಉಜ್ಜಿ, ಸೊಲ್ಯೂಷನ್ ಬಳಿದು, ಅದು ಅಂಟು ಕಟ್ಟುವವರೆಗೆ ಕಾದು, ಪ್ಯಾಚನ್ನು ಅಂಟಿಸಿ ಸುತ್ತಿಗೆಯಿಂದ ತಟ್ಟುತ್ತಿದ್ದ ಆ ಮನುಷ್ಯನು ನಮ್ಮ ಊರಿನ ದೊಡ್ಡ ಉಪಕಾರಿ. ಅವನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಗುಳ್ಳೆಗಳನ್ನು ನೋಡದ ಬಾಲ್ಯ ಯಾರದಿತ್ತು? ಈಗ ಎಲ್ಲರೂ ಮೋಟಾರು ಬಂಡಿ ಏರಿದ್ದಾರೆ. ಅವನ ಮಕ್ಕಳು ಬೇರೆ ಉದ್ಯೋಗಕ್ಕೆ ಹೋದರು. ಉಳಿದ ಅಂಗಡಿಯವರಿಗೆ ಬೈಸಿಕಲ್ಲೆಂದರೆ ತಾತ್ಸಾರ. ಅದರ ವಾಲ್ವಿಗೆ ತೊಡಿಸುವ ತೆಳು ರಬ್ಬರಿನ ಕೊಳವೆಯಂಥ ಕ್ಷುದ್ರ ವಸ್ತುವೂ ಕೆಲವು ಕಡೆ ಸಿಕ್ಕುವುದಿಲ್ಲ. ತೇಪೆ ಹಾಕುವವನು ಇಲ್ಲವಾದುದರಿಂದ ಪಂಕ್ಚರು ರಾಕ್ಷಸನಂತೆ ಕಾಣುತ್ತಿದೆ. ಮುಳ್ಳು ಮೊದಲೂ ಇತ್ತು.

ಆದುದರಿಂದ ತಕ್ಕ ಪರಿಹಾರವನ್ನು ಆ ಕಡೆಯಿಂದಲೇ ಹುಡುಕಬೇಕು. ಪಂಕ್ಚರುಗಳಲ್ಲಿ ಎಷ್ಟೋ, ಮುಳ್ಳಿನಿಂದಲ್ಲ, ಗಾಳಿ ಕಡಮೆಯಾಗಿದ್ದುದರಿಂದ ಆಗುವಂಥವು. ಟ್ಯೂಬಿನ ರಬ್ಬರಿನ ಮೂಲಕ ಗಾಳಿ ತಾನಾಗಿಯೇ ಮೆಲ್ಲಮೆಲ್ಲನೆ ಸೋರುತ್ತದೆ. ಮೆತ್ತಗಾದ ಟೈರು ಕಲ್ಲಿನ ಅಂಚಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿತೂತು ಬೀಳುತ್ತದೆ. ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿನೋಡಿ ಗಾಳಿ ಹಾಕಿಕೊಂಡರೆ ಈ ಬಗೆಯ ಪೀಡೆ ತಪ್ಪುತ್ತದೆ. ಎಷ್ಟು ಒತ್ತಡ ಬೇಕೆಂಬುದನ್ನು ಸಾಮಾನ್ಯವಾಗಿ ಟೈರಿನ ಪಕ್ಕದಲ್ಲಿಯೇ ಅಚ್ಚೊತ್ತಿರುತ್ತಾರೆ. ಓದಿ ನೋಡುವವರು ಅಪರೂಪ. ಮುಳ್ಳಿನ ಸೀಮೆಯವರು ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಒಳಪಟ್ಟಿಯಾಗಿ ಹಾಸುವುದುಂಟು. ಹಳ್ಳಿಯವರ ಈ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ತೂತು ಬಿದ್ದೊಡನೆ ಒಳಗಿನಿಂದಲೇ ಹೆಪ್ಪುಗಟ್ಟಿ ಮುಚ್ಚುವ ದ್ರವವೂ ಈಗ ದೊರೆಯುತ್ತದೆ. ಮೈದಪ್ಪವಾದ ಟೈರನ್ನು ಕೊಳ್ಳುವುದಂತೂ ಎಲ್ಲರಿಗೂ ಸಾಧ್ಯ. ಸವೆದು ನೂಲು ಕಾಣುತ್ತಿರುವ ಟೈರಿನಲ್ಲಿಯೇ ಇನ್ನೊಂದು ವರ್ಷ ತಳ್ಳುವವರು ಮುಳ್ಳನ್ನು ಬೈಯುವುದು ನ್ಯಾಯವಲ್ಲ.

ಬೀದಿಯ ಮಾತನ್ನೂ ಹೇಳಲೇಬೇಕು. ಲೇತಿನ ಸುರುಳಿಗಳು ಆಕಾಶದಿಂದ ಉದುರುವುದಿಲ್ಲ. ಕಾರ್ಖಾನೆಗಳವರು ತಮ್ಮ ಬಾಗಿಲ ಮುಂದಿನ ಹತ್ತು ಮಾರು ಬೀದಿಯನ್ನು ದಿನಕ್ಕೊಮ್ಮೆ ಗುಡಿಸಿದರೆ, ಅಯಸ್ಕಾಂತ ಕಟ್ಟಿದ ಒಂದು ಕೋಲನ್ನು ನೆಲದ ಮೇಲೆ ಆಡಿಸಿದರೆ, ತಮ್ಮ ಕಾರ್ಮಿಕರೇ ತಡವಾಗಿ ಬರುವುದು ಎಷ್ಟೋ ತಪ್ಪುತ್ತದೆ. ಕೂಲಿ ಹಿಡಿಯುವುದಕ್ಕಿಂತ ಇದು ಸುಲಭ.

ಶಾಲೆಯೂ ತನ್ನ ಪಾಲನ್ನು ಮಾಡಬೇಕು. ಬೈಸಿಕಲ್ಲು ನಿಲ್ಲಿಸುವ ಕೊಟ್ಟಿಗೆಯಲ್ಲಿ ಒಂದು ಕಾಲುಪಂಪು, ಒಂದು ಬಕೀಟು, ತೇಪೆಯ ಸಾಮಾನಿನ ಒಂದು ಡಬ್ಬಿ ಇರಬೇಕೆಂದು ನಾವು ಮುಖ್ಯೋಪಾಧ್ಯಾಯರನ್ನು ಈ ಲೇಖನದ ಮೂಲಕ ಕೋರುತ್ತೇವೆ. ಎಂಟನೆಯ ತರಗತಿಯಿಂದ ಮೇಲಿನ ಹುಡುಗರೂ ಹುಡುಗಿಯರೂ ಪಂಕ್ಚರು ಹಾಕುವುದನ್ನು ಕೈಯಾರೆ ಕಲಿಯಲಿ. ಕರಕುಶಲದ ಅವಧಿಯಲ್ಲಿ ಕಾಗದದ ಹೂ ಮಾಡುವುದರ ಜೊತೆಗೆ ಇದಕ್ಕೂ ಎರಡು ವಾರ ಕೊಟ್ಟರೆ ಹೂವುಗಳಿಗೇನೂ ಕುಂದಾಗದು. ಹುಡುಗಿಯರಿಗೆ ಇದು ಏತಕ್ಕೆ ಎಂದು ಕೇಳುವ ತಂದೆತಾಯಿಗಳು, ಕತ್ತಲಾಗುವ ಹೊತ್ತಿಗೆ ಮಗಳು ದಾರಿಯಲ್ಲಿ ಬಂಡಿ ತಳ್ಳಿಕೊಂಡು ಬರುವುದನ್ನು ಒಮ್ಮೆ ನೆನೆಯಲಿ.

ಇಷ್ಟು ಹೇಳಿದ ಮೇಲೂ ನಮ್ಮ ಮಾತನ್ನು ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಡನ್‌ಲಪ್ಪನ ಅಂಗಳದ ಪರೀಕ್ಷೆಯನ್ನು ನಮ್ಮ ಆಟದ ಮೈದಾನದಲ್ಲಿ ಮಾಡಬಹುದು. ಒಂದೇ ಜಾತಿಯ ಎರಡು ಬಂಡಿಗಳು ಬೇಕು. ಒಂದಕ್ಕೆ ಗಾಳಿಯ ಟೈರು, ಇನ್ನೊಂದಕ್ಕೆ ಗಾಳಿಯಿಲ್ಲದ್ದು. ಸಭಾಂಗಣದ ಮುಂದಿನ ಇಳಿಜಾರಿನ ತುದಿಯಿಂದ ಒಬ್ಬನೇ ಹುಡುಗನು ಎರಡನ್ನೂ ತುಳಿಯದೆ, ಬ್ರೇಕು ಹಿಡಿಯದೆ ಬಿಟ್ಟು, ಎಲ್ಲಿ ನಿಲ್ಲುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು. ಬೀಸುಗಾಳಿಯಿಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಒಂದು ಸಲಕ್ಕೆ ನಿಲ್ಲಿಸದೆ ಹತ್ತು ಹತ್ತು ಸಲ ಬಿಟ್ಟು ಸರಾಸರಿ ತೆಗೆಯಬೇಕು. ಆಮೇಲೆ ಗಾಳಿಯ ಟೈರಿನಲ್ಲಿ ಅರ್ಧ ಗಾಳಿ ಬಿಟ್ಟು ಮತ್ತೊಮ್ಮೆ ಅದೇ ರೀತಿ ಮಾಡಿನೋಡಬೇಕು. ಗಾಳಿ ಹಾಕಿಕೊಳ್ಳುವುದರಲ್ಲಿ ಸೋಮಾರಿಗಳಾದವರ ಗೆರೆ ಎಲ್ಲಿ ಬೀಳುತ್ತದೆಂಬುದೂ ಆಗ ತಿಳಿಯುತ್ತದೆ. ಭೌತಶಾಸ್ತ್ರದ ಉಪಾಧ್ಯಾಯರ ಅನುಮತಿ ಪಡೆದು ಒಂಬತ್ತನೆಯ ತರಗತಿಯವರು ಇದನ್ನು ಕೈಗೊಳ್ಳಲಿ. ಅಳತೆಗಳನ್ನು ಮುಂದಿನ ವರ್ಷದ ಸಂಚಿಕೆಗೆ ತಪ್ಪದೆ ಕಳುಹಿಸಲಿ.